ನಾನು ಆರಿಸಿದ ನಾಲ್ಕು ಟೈರುಗಳು

ನಾಲ್ಕು ಮನೆ ದಾಟಿ ಹೋಗಿ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಅದರಿಂದ ನನ್ನ ಅಣ್ಣ ಒಂದು ಕಾಲು ಕಳೆದುಕೊಂಡ. ಕಾಲಿಗಿಂತ ದೊಡ್ಡದೊಂದನ್ನು ಕೂಡ ಕಳೆದುಕೊಂಡಿದ್ದ. ಅದು ಏನೆಂದು ತಿಳಿಯಲು ನನಗೆ ಏಳು ವರ್ಷ ಹಿಡಿಯಿತು. ಬೀದರಿನಲ್ಲಿ ಜೀವನವಿಡೀ ಟೈರಿನ ಕೆಲಸ ಮಾಡಿ ಈಗ ಅಂಗಡಿ ಬಿಟ್ಟಿದ್ದೇನೆ. ಎಷ್ಟೋ ಗಾಡಿಗಳಿಗೆ ಟೈರು ಹಾಕಿದ್ದೇನೆ. ಆದರೆ ಬರೆಯಲೇಬೇಕಾದದ್ದು ಒಂದು ಗಾಡಿಯ ವಿಷಯ ಮಾತ್ರ.

ಅದು 1949ರ ಮಳೆಗಾಲ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ನಡೆದು ವರ್ಷ ತುಂಬುತ್ತ ಬಂದಿತ್ತು. ಹೈದರಾಬಾದ್ ಸಂಸ್ಥಾನದ ಹೆಸರು ಹಾಗೇ ಇತ್ತು, ಆಡಳಿತ ಮಿಲಿಟರಿಯ ಕೈಗೆ ಬಂದಿತ್ತು. ನಾನು ಬೀದರಿನ ಹತ್ತಿರದ ಅಷ್ಟೂರು ಹಳ್ಳಿಯವನು. ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸಿ ಬಿಟ್ಟವನು. ಕನ್ನಡ ಅಕ್ಷರ ಮನೆಯಲ್ಲಿ ಸೋದರಮಾವ ತಿದ್ದಿಸಿದ್ದು. ಬೀದರ್ ಶಹರದಲ್ಲಿ ಇಮಾಮ್ ಉಸ್ತಾದರ ಟೈರಿನ ಅಂಗಡಿಯಲ್ಲಿ ಫಿಟರ್ ಆಗಿದ್ದೆ. ಹಳೇ ಟೈರು ಬಿಚ್ಚುವುದು, ಹೊಸದು ಕೂರಿಸುವುದು, ಟ್ಯೂಬಿಗೆ ತೇಪೆ ಹಚ್ಚುವುದು, ಎಲ್ಲವನ್ನೂ ಅವರೇ ಕಲಿಸಿದ್ದರು.

ಟೈರು ಪರೀಕ್ಷಿಸಲು ಉಸ್ತಾದರಿಗೆ ಎರಡು ಉಪಾಯಗಳಿದ್ದವು. ಮೊದಲನೆಯದು ಹೆಬ್ಬೆರಳ ಉಗುರು. ರಬ್ಬರಿಗೆ ಉಗುರೊತ್ತಿದರೆ ಗುರುತು ಮೂಡಿ, ಮೆಲ್ಲಗೆ ಮಾಯವಾಗಬೇಕು. ಎರಡನೆಯದು ಅಂಗಡಿಯ ಮುಂದಿನ ಶಹಾಬಾದ್ ಚಪ್ಪಡಿ. ಅದರ ಮೇಲೆ ಒಂದು ಕೊಡ ನೀರು ಸುರಿದು, ಟೈರನ್ನು ನಿಲ್ಲಿಸಿ, ಮೇಲಿಂದ ಒತ್ತಿ ಅಡ್ಡಕ್ಕೆ ತಳ್ಳುತ್ತಿದ್ದರು. ಹಿಡಿದು ನಿಂತರೆ ಸರಿ, ಜಾರಿದರೆ ಮೂಲೆಗೆ. “ಒಣಾ ನೆಲದಾಗ ಎಲ್ಲಾ ಟೈರ್ ಶಾಣ್ಯಾ ಇರ್ತಾವ ಬೇಟಾ. ನೀರು ಹಾಕು, ಅಸಲ್ ಗೊತ್ತಾಗ್ತದ” ಎನ್ನುತ್ತಿದ್ದರು.

ಕಾರ್ಯಾಚರಣೆಯ ದಿನಗಳಲ್ಲಿ ಅವರ ಹಿರಿಯ ಮಗ ಮನೆಯಿಂದ ಹೋದವನು ತಿರುಗಿ ಬರಲಿಲ್ಲ. ಉಸ್ತಾದರು ಅಂಗಡಿಯ ಕೀಲಿಯನ್ನು ನನ್ನ ಕೈಗೆ ಕೊಟ್ಟು, “ನೀನೇ ನಡಸು. ನಾ ಹೊರಗ ಬರಾಂಗಿಲ್ಲ” ಎಂದು ಬಾಗಿಲು ಹಾಕಿಕೊಂಡರು. ಅವರ ಮನೆ ಅಂಗಡಿಯಿಂದ ನಾಲ್ಕು ಮನೆ ಆಚೆ. ನಡುವೆ ಒಂದು ಚಹಾದ ಹೋಟೆಲ್ಲು. ಆ ವರ್ಷ ಊರಲ್ಲಿ ಯಾವ ಹಿಂದೂ ಯಾವ ಮುಸಲ್ಮಾನರ ಮನೆಗೆ ಹೋದನೆಂದು ನೋಡಲಿಕ್ಕೇ ಕುಳಿತವರಿದ್ದರು. ಓಣಿಯಲ್ಲಿ ಬೀಗ ಬಿದ್ದ ಬಾಗಿಲುಗಳು ಬಹಳ. ಹಗಲು ಹೊತ್ತಿನಲ್ಲೂ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನು ಉಸ್ತಾದರ ಮನೆಯ ಕಡೆ ಹೋಗುವುದನ್ನು ಬಿಟ್ಟೆ. ಬಿಟ್ಟೆನೆಂದು ನನಗೆ ನಾನೇ ಒಪ್ಪಿಕೊಳ್ಳಲಿಲ್ಲ. ಕೆಲಸ ಹೆಚ್ಚು, ಪುರುಸೊತ್ತಿಲ್ಲ ಅಂದುಕೊಂಡೆ.

ನನ್ನ ಅಣ್ಣ ಶರಣಪ್ಪ ಭಾಲ್ಕಿಯ ಒಬ್ಬ ಸಾವುಕಾರರ ಜೀಪು ನಡೆಸುತ್ತಿದ್ದ. ಸಾವುಕಾರರು ಅದನ್ನು ಮಿಲಿಟರಿ ಹರಾಜಿನಲ್ಲಿ ಹಿಡಿದಿದ್ದರು. ಒಂದು ದಿನ ಬೀದರಿನಿಂದ ಭಾಲ್ಕಿ, ಒಂದು ದಿನ ಔರಾದ, ಹೀಗೆ ಸವಾರಿ. ಗಾಡಿ ಹತ್ತುವ ಮುಂಚೆ ಜನ “ಯಾರು ನಡಸ್ತಾರ?” ಎಂದು ಕೇಳುತ್ತಿದ್ದ ಕಾಲ. ಶರಣಪ್ಪ ಎಂದರೆ ಬಾಣಂತಿಯರೂ ಹತ್ತುತ್ತಿದ್ದರು. ಅಣ್ಣನಿಗೆ ಹೊಲ ಹಿಡಿಸಲಿಲ್ಲ, ಶಾಲೆ ಹತ್ತಲಿಲ್ಲ. ಇದ್ದದ್ದು ಆ ಎರಡು ಕೈ, ಆ ಕೈಗೆ ಬಂದ ಹೆಸರು.

ಮೊದಲ ಮಳೆಗೇ ಜೀಪಿನ ಹಳೇ ಟೈರು ಜಾರತೊಡಗಿದವು. ಮೇಲ್ಮೈಯ ಗೆರೆಗಳೆಲ್ಲ ಸವೆದು ಬೋಳಾಗಿದ್ದವು. ಸಾವುಕಾರರು ಅಣ್ಣನನ್ನು ಕರೆದುಕೊಂಡು ಅಂಗಡಿಗೆ ಬಂದರು.

“ಬಸಣ್ಣಾ, ಮಳಿಯಾಗ ಗಾಡಿ ಜಾರಬಾರದು ನೋಡಪಾ. ಮಂದಿ ಜೀವದ ಮಾತು. ಯಾವ್ದು ಹಾಕ್ತಿ ಹಾಕು” ಎಂದರು ನನಗೆ.

ಆಯ್ಕೆ ಎರಡಿದ್ದವು. ಒಂದು, ಹೈದರಾಬಾದಿನಿಂದ ತರಿಸಬೇಕಾದ ರಸ್ತೆಯ ಟೈರು. ಅದರ ಮೈಮೇಲೆ ಹತ್ತಿರ ಹತ್ತಿರ ಸಣ್ಣ ಗೆರೆ, ಗೆರೆಗಳ ನಡುವೆ ಕೂದಲೆಳೆಯಂಥ ಸೀಳು. ಬರಲು ಎರಡು ವಾರ ಬೇಕು. ಇನ್ನೊಂದು, ಯುದ್ಧಕಾಲದಿಂದ ಗೋದಾಮಿನಲ್ಲಿ ಬಿದ್ದಿದ್ದ ಮಿಲಿಟರಿ ಟೈರು. ಇದರ ಮೇಲೆ ಇಟ್ಟಿಗೆಯಂಥ ದಪ್ಪ ಗಟ್ಟಿಗಳು, ನಡುವೆ ಬೆರಳು ಹೋಗುವಷ್ಟು ಆಳದ ಕಂದಕ. ಒಂದು ದಿನವೂ ಓಡಿರಲಿಲ್ಲ. ಕೂಡಲೇ ಸಿಗುತ್ತಿತ್ತು.

ನಾನು ಮಿಲಿಟರಿ ಟೈರನ್ನೇ ತೋರಿಸಿದೆ. ಔರಾದ ದಾರಿಯೆಂದರೆ ಎರೆಮಣ್ಣು. ಮಳೆಗೆ ಅದು ಗಾಲಿಯನ್ನು ನುಂಗುತ್ತದೆ. ಆಳದ ಕಂದಕ ಕೆಸರನ್ನು ಕಚ್ಚಿ ಎಳೆಯುತ್ತದೆ. ಅಲ್ಲಿಯವರೆಗೆ ನನ್ನ ಲೆಕ್ಕ ತಪ್ಪಲ್ಲ.

ಸಾವುಕಾರರು ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಹೆಗಲಿಗೆ ಹೊಡೆದು, “ನಮ್ಮ ಬಸ್ಯಾ ಹೂಂ ಅಂದ್ರ ಮುಗೀತ್ರಿ. ಮನ್ಯಾಗ ಹೆಂಡ್ತಿ ಸಂಗಟ ಮಾತಾಡಾಂಗಿಲ್ಲ, ಟೈರಿನ ಸಂಗಟ ಮಾತಾಡ್ತಾನ” ಎಂದ. ಮೂವರೂ ನಕ್ಕೆವು.

ಟೈರು ಕೂರಿಸುವ ದಿನ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಎರಡು ಗಾಲಿ ಮುಗಿಸಿ ಮೂರನೆಯ ಟೈರನ್ನು ಗೋಡೆಗೆ ಒರಗಿಸಿದ್ದೆ. ಅದು ತಾನಾಗಿಯೇ ಒದ್ದೆ ಚಪ್ಪಡಿಯ ಮೇಲೆ ಸರ್ರನೆ ಜಾರಿ ಅಡ್ಡ ಬಿತ್ತು. ಎತ್ತಿ ನಿಲ್ಲಿಸಿ, ಮೇಲಿಂದ ಒತ್ತಿ ತಳ್ಳಿದೆ. ಮತ್ತೆ ಜಾರಿತು. ಉಗುರೊತ್ತಿದೆ. ಎತ್ತಿನ ಕೊಂಬಿಗೆ ಒತ್ತಿದಂತಾಯಿತು, ಗುರುತೇ ಇಲ್ಲ.

ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಉಸ್ತಾದರ ಮನೆಯ ಕಡೆ ಹೊರಟೆ. ಹೋಟೆಲ್ಲಿನ ಮುಂದೆ ಮೂವರು ಕುಳಿತಿದ್ದರು. ಅವರಲ್ಲೊಬ್ಬ ಹಿರಿಯ ಚಹಾದ ಕಪ್ಪು ಕೆಳಗಿಟ್ಟು ಕೇಳಿದ:

“ಏನಪಾ ಬಸಣ್ಣಾ, ಗುರುವಿನ ಮನಿಗಿ ಹೊಂಟೀದೇನು? ಇನ್ನಾ ಅದ ಏನು, ನಿಂದು ಅವರ್ದು ಹೋಗೂದು ಬರೂದು?”

ಉಳಿದ ಇಬ್ಬರು ನಗಲಿಲ್ಲ, ಬರೀ ನೋಡಿದರು.

“ಇಲ್ಲ ಕಾಕಾ. ಬೀಡಿ ತರ್ಲಾಕ ಬಂದಿದ್ದೆ” ಎಂದೆ. ಬೀಡಿ ಕೊಂಡು ಹಿಂತಿರುಗಿದೆ. ನಾನು ಬೀಡಿ ಸೇದುವವನಲ್ಲ.

ನಾಲ್ಕೂ ಟೈರು ಕೂರಿಸಿದೆ. ಮಧ್ಯಾಹ್ನ ಅಣ್ಣ ಬಂದು ಗಾಲಿಗೊಂದು ಒದೆ ಕೊಟ್ಟು, “ಹ್ಯಾಂಗವ?” ಎಂದ.

“ಛಲೋ ಅವ” ಎಂದೆ.

ಆ ಟೈರುಗಳಿಗೆ ಒಂದು ದನಿಯಿತ್ತು. ಗಟ್ಟಿ ನೆಲದ ಮೇಲೆ ಓಡುವಾಗ ಗುಂಯ್ ಎನ್ನುತ್ತಿದ್ದವು. ಬೀದರಿನ ಕೆಂಪು ಮೊರಂ ಜಲ್ಲಿಯ ದಾರಿಯಿಂದ ಇಳಿಜಾರಿಗೆ ಹೊರಳಿ ಕೆಳಗಿನ ಬಯಲು ಸೇರುವವರೆಗೂ ಆ ದನಿ ಕೇಳುತ್ತಿತ್ತು. “ಜೇನ ಹುಳಾ ಕಟ್ಟಿಕೊಟ್ಟೀ ನೋಡು” ಎಂದು ಅಣ್ಣ ತಮಾಷೆ ಮಾಡುತ್ತಿದ್ದ. ನಾನು ಪ್ರತಿ ಬೆಳಗ್ಗೆ ಕೈಯ ಕೆಲಸ ನಿಲ್ಲಿಸಿ, ಅದು ಕಿವಿಯಿಂದ ಮರೆಯಾಗುವವರೆಗೆ ಕೇಳುತ್ತಿದ್ದೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಚಿಂತಾಕಿಯ ಹತ್ತಿರ ಬಂಡಿಗಳೆಲ್ಲ ಹೂತು ನಿಂತಿದ್ದ ಕೆಸರಿನಲ್ಲಿ ಜೀಪು ಆನೆಯಂತೆ ನಡೆದು ಹೋಯಿತಂತೆ. ಅಣ್ಣ ಕಂಡವರಿಗೆಲ್ಲ ನನ್ನ ಹೆಸರು ಹೇಳಿಕೊಂಡು ಬಂದ. ಅವನು ಹೊಗಳಿದಷ್ಟೂ ನನ್ನ ಬಾಯಿ ಕಟ್ಟಿತು. ರಸ್ತೆಯ ಟೈರು ತರಿಸಿ ಬದಲಿಸೋಣ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಬೇರೆ ಏನೋ ಹೇಳಿದೆ.

ಸಂತಪುರದ ಈಚೆ ಒಂದು ಹಳ್ಳವಿದೆ. ಆಗ ಅದಕ್ಕೆ ಸೇತುವೆ ಇರಲಿಲ್ಲ. ಹಳ್ಳದ ತಳಕ್ಕೆ ದೊಡ್ಡ ದೊಡ್ಡ ಕಲ್ಲು ಹಾಸಿ, ಅದರ ಮೇಲೇ ಗಾಡಿ ದಾಟಿಸುತ್ತಿದ್ದರು. ಎರಡೂ ದಂಡೆಯಲ್ಲಿ ಎರೆಮಣ್ಣು, ನಡುವೆ ನುಣುಪು ಕಲ್ಲು. ನಾನು ಕೆಸರಿನ ಲೆಕ್ಕ ಹಾಕಿದ್ದೆ, ಕಲ್ಲಿನ ಲೆಕ್ಕ ಹಾಕಿರಲಿಲ್ಲ.

ಮೂರು ದಿನ ಬಿಡದೆ ಸುರಿದ ಮಳೆಯ ಮರುದಿನ ಮಧ್ಯಾಹ್ನ ಅಣ್ಣ ಔರಾದಿನಿಂದ ಹಿಂತಿರುಗುತ್ತಿದ್ದ. ಗಾಡಿಯಲ್ಲಿ ಸಾವುಕಾರರ ಗುಮಾಸ್ತ, ಒಬ್ಬ ಮುದುಕಿ. ಕಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು, ನೀರಿನ ಕೆಳಗೆ ಪಾಚಿ. ಅಣ್ಣ ನಿಧಾನಕ್ಕೇ ಇಳಿದ. ಆಮೇಲೆ ಮುದುಕಿಯೂ ಅದನ್ನೇ ಹೇಳಿದಳು. ನಡುವೆ ಬ್ರೇಕು ಮುಟ್ಟಿದ. ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ನಾಲ್ಕೂ ಟೈರು ಅಡ್ಡಕ್ಕೆ ಜಾರಿ ಜೀಪು ಹಾಸುಗಲ್ಲಿನ ಅಂಚಿನಿಂದ ಕೆಳಕ್ಕೆ ಮಗುಚಿತು. ಗುಮಾಸ್ತನ ಕೈ ಮುರಿಯಿತು. ಅಣ್ಣನ ಎಡಗಾಲು ಜೀಪಿನಡಿ ಸಿಕ್ಕಿತು. ಬೀದರಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ವಾರದೊಳಗೆ ಸಾವುಕಾರರು ಅಂಗಡಿಗೆ ಬಂದರು. ಕೂರಲಿಲ್ಲ.

“ಖರೇ ಹೇಳು ಬಸಣ್ಣಾ. ಟೈರಿನ್ಯಾಗ ಏನರ ಕಸರ್ ಇತ್ತೇನು?”

“ಇಲ್ರಿ. ಹೊಸಾ ಟೈರ್ ಇದ್ದವ್ರಿ.”

“ಹಂಗಾರ ನಿಮ್ಮಣ್ಣಂದೇ ತಪ್ಪು.”

ನಾನು ತಲೆ ಬಗ್ಗಿಸಿ ಕೈಯಲ್ಲಿದ್ದ ಟ್ಯೂಬನ್ನು ಉಜ್ಜಿದೆ. ಅಂದು ಸಂಜೆಯೊಳಗೆ ಮೋಟಾರ್ ಸ್ಟ್ಯಾಂಡಿನ ತುಂಬ ಅದೇ ಮಾತು: ಸ್ಟೀರಿಂಗಿನ ಮೇಲೆ ಶರಣಪ್ಪನ ಕೈ ತಪ್ಪಿತು.

ಮರುದಿನ, ಮಗುಚಿದ ಜೀಪಿನಿಂದ ಬಿಚ್ಚಿದ ಆ ಟೈರುಗಳಲ್ಲೊಂದನ್ನು ಹೆಗಲ ಮೇಲೆ ಹೊತ್ತು ಉಸ್ತಾದರ ಮನೆಗೆ ಹೋದೆ. ಹೋಟೆಲ್ಲಿನ ಮುಂದೆ ಅದೇ ಮೂವರು ಕುಳಿತಿದ್ದರು. ಯಾರೂ ಏನೂ ಕೇಳಲಿಲ್ಲ. ಉಸ್ತಾದರು ಬಾಗಿಲು ತೆರೆದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಟೈರಿಗೆ ಉಗುರೊತ್ತಿ ನೋಡಿ, ಒಳಗಿಂದ ಚಂಬಿನಲ್ಲಿ ನೀರು ತಂದು ತಮ್ಮ ಹೊಸ್ತಿಲ ಕಲ್ಲಿಗೆ ಸುರಿದು ತಳ್ಳಿದರು. ಅದು ಜಾರಿ ನನ್ನ ಕಾಲಿಗೆ ಬಂದು ತಾಗಿತು.

“ಇದು ಚಿಕ್ಕಲ್ದ, ರಾಡಿ ನೆಲದ ಟೈರ್. ಕೆಸರಿನ್ಯಾಗ ಹುಲಿ, ಒದ್ದಿ ಕಲ್ಲಿನ ಮ್ಯಾಗ ಸಾಬೂನು. ಮತ್ತ ಇಷ್ಟು ವರ್ಷ ಬಿದ್ದು ರಬ್ಬರ್ ಸತ್ತದ. ನೀ ನೀರು ಹಾಕಿ ನೋಡ್ಲಿಲ್ಲೇನು?”

“ನೋಡಿದ್ದೆ ಉಸ್ತಾದ.”

ಅವರು ಅಂಗಡಿಯ ಕಡೆ ಕೈ ಮಾಡಿ, “ನಾಕು ಮನಿ ಬೇಟಾ. ನಾಕೇ ಮನಿ” ಎಂದರು. ನಾನು ಅಳುತ್ತ ಕಾಲು ಹಿಡಿಯಲು ಬಗ್ಗಿದಾಗ ಹಿಂದೆ ಸರಿದು, “ನನಗಲ್ಲ. ಅವಗ ಹೇಳು” ಎಂದರು.

ಹೇಳಲಿಲ್ಲ.

ಆಮೇಲೆ ನಾನು ಈ ಕೆಲಸವನ್ನು ಸರಿಯಾಗಿ ಕಲಿತೆ. ಕಲ್ಲು ಅಥವಾ ಡಾಂಬರಿನ ಮೇಲೆ ನಿಂತ ನೀರು ತೆಳ್ಳಗಿನ ಪದರ. ಟೈರು ಅದನ್ನು ಹಿಂಡಿ ಹೊರಹಾಕಿ ನೆಲವನ್ನು ಮುಟ್ಟಬೇಕು. ಅದಕ್ಕೆ ಸಣ್ಣ ಗೆರೆ, ಸಣ್ಣ ಸೀಳು, ಮೆತ್ತನೆಯ ರಬ್ಬರು ಬೇಕು. ಆಳದ ಕಂದಕ ಕಣ್ಣಿಗೆ ಧೈರ್ಯ ಕೊಡುತ್ತದೆ, ಅಷ್ಟೇ. ಹೊಸದೆಂದರೆ ಓಡದ ಟೈರಲ್ಲ, ಜೀವವಿರುವ ಟೈರು. ಗಿರಾಕಿ ಎಷ್ಟೇ ಅವಸರ ಮಾಡಲಿ, ಯಾವ ದಾರಿ ಎಂದು ಪೂರ್ತಿ ಕೇಳದೆ, ಚಪ್ಪಡಿಗೆ ನೀರು ಹಾಕದೆ ನಾನು ಮತ್ತೆ ಒಂದು ಟೈರನ್ನೂ ಕೂರಿಸಲಿಲ್ಲ. ಸಂದೇಹ ಬಂದ ಮೇಲೆ ಸುಮ್ಮನಿರುವ ಫಿಟರ್, ಕೆಟ್ಟ ಟೈರಿಗಿಂತ ಅಪಾಯ ಎಂಬುದನ್ನೂ ಈ ಕೆಲಸವೇ ಕಲಿಸಿತು. ಕಲಿತದ್ದನ್ನು ಮನೆಯಲ್ಲಿ ಮಾತ್ರ ನಡೆಸಲಿಲ್ಲ.

ಅಣ್ಣ ಊರುಗೋಲು ಹಿಡಿದು ಮೋಟಾರ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಜನ ಕರೆಯುವ ಕೆಲಸಕ್ಕೆ ನಿಂತ. “ಸಂತಪುರ, ಔರಾದ! ಸಂತಪುರ, ಔರಾದ!” ಅವನ ಕೂಗು ಅಂಗಡಿಗೂ ಕೇಳುತ್ತಿತ್ತು. “ಏ ಶರಣಪ್ಪಾ, ಬಾ, ಇವತ್ತ ನೀನೇ ನಡಸು, ನಾವ್ ಇಳೀತೀವಿ” ಎಂದು ಹೊಸ ಡ್ರೈವರುಗಳು ಕಾಡುತ್ತಿದ್ದರು. ಅವನು ಅವರಿಗಿಂತ ಜೋರಾಗಿ ನಗುತ್ತಿದ್ದ.

1956ರ ಮಳೆಗಾಲ. ಹೈದರಾಬಾದ್ ರಾಜ್ಯ ಒಡೆಯುವ ಸುದ್ದಿ; ಬಸ್ಸಿನ ತುಂಬ ಅದೇ ಮಾತು. ಔರಾದಿನಲ್ಲಿ ತಂಗಿಯ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆಂದು ನಾವಿಬ್ಬರೂ ಹೊರಟಿದ್ದೆವು. ಆ ಹಳ್ಳ ಬಂದಾಗ ಅಣ್ಣ ಎದ್ದು, “ಗಾಡಿ ತಡಿರಿ, ಇಳೀತೇನಿ” ಎಂದ. ಮಳೆಯಲ್ಲೇ ಇಳಿದು, ಊರುಗೋಲು ಊರುತ್ತ ಹಾಸುಗಲ್ಲಿನ ಕಡೆ ನಡೆದ. ನಾನೂ ಇಳಿದೆ.

“ನೀ ಯಾಕ ಇಳದಿ? ತೋಯ್ತಿ, ಹೋಗು.”

“ನೀ ಯಾಕ ಇಳದಿ ಅಣ್ಣಾ?”

“ನಾ ಕೂತ ಗಾಡಿ ಇಲ್ಲಿ ದಾಟೂದು ಬ್ಯಾಡ.” ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. “ಆ ದಿನ ಈ ಕೈ ಎಲ್ಲಿ ತಪ್ಪಿತೋ, ಇವತ್ತಿಗೂ ತಿಳೀವಲ್ದು ಬಸ್ಯಾ. ನಿಧಾನ ಇಳಿಸಿದ್ದೆ. ಮೆಲ್ಲಕ ಬ್ರೇಕ್ ಮುಟ್ಟಿದ್ದೆ. ಕನಸಿನ್ಯಾಗೂ ದಿನಾ ಅದೇ ಮಾಡ್ತೇನಿ. ದಿನಾ ಜಾರ್ತದ.”

ಅವನು ಕಳೆದುಕೊಂಡಿದ್ದ ದೊಡ್ಡದು ಯಾವುದೆಂದು ಆಗ ಕಂಡಿತು. ಲೋಕ ಅವನ ಕೈಯನ್ನು ನಂಬದಿದ್ದದ್ದು ಇರಲಿ, ಅವನೇ ನಂಬುತ್ತಿರಲಿಲ್ಲ. ಹಿಂದೆ ಬಸ್ಸು ಗುರುಗುಡುತ್ತ ನಿಂತಿತ್ತು. ಹಳ್ಳ ಮೊರೆಯುತ್ತಿತ್ತು. ಮೆಲ್ಲಗೆ ಹೇಳಿದರೆ ಕೇಳುವಂತಿರಲಿಲ್ಲ. ನಾನು ಕೂಗಿಯೇ ಹೇಳಿದೆ. ಕಿಟಕಿಗಳಲ್ಲಿದ್ದ ಜನರೂ ಕೇಳಿದರು.

“ಅಣ್ಣಾ, ನಿನ್ನ ಕೈ ತಪ್ಪಿರಲಿಲ್ಲ! ಆ ಟೈರ್ ಒದ್ದಿ ಕಲ್ಲಿನ ಮ್ಯಾಗ ಜಾರ್ತಾವ ಅಂತ ನೀ ಗಾಡಿ ಒಯ್ಯೂ ಮುಂಚೇನೇ ನನಗ ಗೊತ್ತಾಗಿತ್ತು. ಮಂದಿಗಿ ಅಂಜಿ ಉಸ್ತಾದಗ ಕೇಳ್ಲಿಲ್ಲ, ನಿನಗ ಅಂಜಿ ಹೇಳ್ಲಿಲ್ಲ. ಸಾವುಕಾರಗ ಸುಳ್ಳು ಹೇಳಿದೆ. ತಪ್ಪು ನಂದು, ನಿನ್ನ ಕೈದಲ್ಲ. ನನಗ ಮಾಫ್ ಮಾಡು ಅಣ್ಣಾ.”