ಸಾವಿರ ಬಸ್ಕಿಯ ಸುಳ್ಳು

ಅವನು ನನ್ನನ್ನು ಚಿತ್ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಕುಸ್ತಿಯಲ್ಲಿ ಒಬ್ಬ ಬೀಳಲೇಬೇಕು. ಆದರೆ ಮರಳವಾಡಿಯ ಆ ಪೈಲ್ವಾನ್ ನನ್ನನ್ನು ಎಬ್ಬಿಸಿ, ಬೆನ್ನಿನ ಮಣ್ಣನ್ನು ತನ್ನ ಟವಲಿನಲ್ಲಿ ಒರೆಸಿ, ಕುದೂರಿನ ಅಖಾಡದ ಸುತ್ತ ಸೇರಿದ್ದ ಅಷ್ಟೂ ಜನಕ್ಕೆ ಕೇಳುವಂತೆ, "ಮನೇಗೋಗಿ ಮಲಿಕೊಳ್ಲಾ, ಒಸಿ ರೆಸ್ಟ್ ತಗೊ" ಎಂದ. ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಮನೆ ತಲುಪುವವರೆಗೂ ತಿರುಗಿ ನೋಡದೆ ನನ್ನ ಮುಂದೆ ನಡೆದರು. ಇವನಿಗೆ ಮಣ್ಣು ಮುಕ್ಕಿಸದೆ ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿದೆ.

ನಮ್ಮ ಗರಡಿಗಳಲ್ಲಿ ಒಂದು ಹುಚ್ಚಿದೆ. ಕುಸ್ತಿ ಹತ್ತಿರ ಬಂದಷ್ಟೂ ಬಸ್ಕಿ ಏರಬೇಕು. ಎದುರಾಳಿ ಐನೂರು ಹೊಡೆಯುತ್ತಾನೆ ಎಂದು ಕಿವಿಗೆ ಬಿದ್ದರೆ, ಆರುನೂರು ಹೊಡೆಯದೆ ನಮಗೆ ಅನ್ನ ಇಳಿಯುವುದಿಲ್ಲ. ನಾನೂ ಹಾಗೇ ಹೊಡೆದು, ಅಖಾಡಕ್ಕೆ ಇಳಿಯುವಾಗಲೇ ಸೋತುಹೋಗಿದ್ದೆ. ಅದನ್ನು ಕಂಡುಹಿಡಿದವರು ಮಾಗಡಿಯಲ್ಲಿ ನನಗೆ ತರಬೇತಿ ಕೊಡುತ್ತಿದ್ದ ಮೇಡಂ. ರಕ್ತ ಪರೀಕ್ಷೆಯ ಚೀಟಿ ನೋಡಿ ಬೈದರು.

"ಮೈ ದಣಿದ್ರೆ ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರ್ತದೆ, ಕಸುವು ಕೊಡೋ ಟೆಸ್ಟೋಸ್ಟಿರಾನ್ ಇಳೀತದೆ. ನಿಂದು ಹಂಗೇ ಆಗೈತೆ. ಇನ್ಮೇಲೆ ಕೊನೇ ಎರಡು ವಾರ ಸಾಧನೆ ಅರ್ಧಕ್ಕಿಳಿಸು. ಪಟ್ಟು ಜೋರಾಗೇ ಹಾಕು, ಆದ್ರೆ ಒಸೀ ಹೊತ್ತು."

ಅಂದರೆ ಅವನು ಹಂಗಿಸಿ ಹೇಳಿದ ರೆಸ್ಟೇ ನನಗೆ ಔಷಧಿ. ಹೊಟ್ಟೆ ಉರಿದುಹೋಯಿತು.

ಮರುವರ್ಷ ಮತ್ತೆ ನಮ್ಮಿಬ್ಬರಿಗೇ ಜೋಡಿ ಬಿತ್ತು. ಎರಡು ವಾರ ಮೊದಲು ನಾನು ಅರ್ಧಕ್ಕಿಳಿಸಿದೆ. ಅದೇ ದಿನ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದ ಭಾವನಿಗೆ, "ದಿನಾ ಸಾವಿರ ಬಸ್ಕಿ ಹೊಡೀತಾ ಇವ್ನಿ ಭಾವ, ಯಾರ್ಗೂ ಹೇಳ್ಬೇಡಿ" ಎಂದೆ. ಭಾವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಆ ಮರಳವಾಡಿಯವನೂ ರೇಷ್ಮೆಗೂಡು ಮಾರಲು ಅಲ್ಲಿಗೇ ಬರುತ್ತಾನೆ. ನಾಲ್ಕು ದಿನ ಕಳೆದು ಭಾವ ಸುದ್ದಿ ತಂದರು.

"ಅವ್ನು ಸಾವಿರದಿನ್ನೂರಕ್ಕೋಗವ್ನೆ ಕಣಪ್ಪ. ನೀನೂ ಒಸಿ ಜಾಸ್ತಿ ಮಾಡು."

ಆಗಲಿ ಎಂದು ಹೇಳಿ, ಮುದ್ದೆ ಉಂಡು ಮಲಗಿದೆ.

ಸುಮ್ಮನಿರುವುದು ಸುಲಭವಾಗಿರಲಿಲ್ಲ. ಮೊದಲ ವಾರ ತೊಡೆಗಳು ಚಡಪಡಿಸಿದವು. ಎರಡನೇ ವಾರಕ್ಕೆ ಹಸಿವು ಬಂತು, ಒಳ್ಳೆಯ ನಿದ್ದೆ ಬಂತು. ಮತ್ತೆ ಪರೀಕ್ಷೆ ಮಾಡಿಸಿದಾಗ ಕಾರ್ಟಿಸಾಲ್ ಇಳಿದಿತ್ತು, ಇನ್ನೊಂದು ಏರಿತ್ತು. ಸಿಟ್ಟು ಇಳಿದಿರಲಿಲ್ಲ.

ಕುಸ್ತಿಯ ದಿನ ಅಖಾಡದಲ್ಲಿ ಕೈ ಹಿಡಿದ ಸ್ವಲ್ಪ ಹೊತ್ತಿಗೇ ಅವನ ತೊಡೆ ನಡುಗತೊಡಗಿತು. ಆ ನಡುಕ ನನಗೆ ಚೆನ್ನಾಗಿ ಗೊತ್ತಿತ್ತು. ಎತ್ತಿ ಹಾಕಿದೆ. ಅವನ ಬೆನ್ನೊರೆಸಲು ಟವಲನ್ನೂ ಮನೆಯಿಂದಲೇ ತಂದಿದ್ದೆ. ಅಪ್ಪ ಎದ್ದು ನಿಂತು ನೋಡುತ್ತಿದ್ದರು.

ಒರೆಸುವಾಗ ಅವನು ತಿರುಗಿ ಮೆಲ್ಲಗೆ ಕೇಳಿದ, "ದಿಟ ಹೇಳ್ಲಾ, ಕೊನೇ ವಾರ ಎಷ್ಟು ಹೊಡೆದೆ?"

ಪಾಪ ಅನ್ನಿಸಿತು. ನಿಜ ಹೇಳಿದ್ದರೆ ಅವನೂ ಬದುಕಿಕೊಳ್ಳುತ್ತಿದ್ದ. ಅಷ್ಟರಲ್ಲಿ, ಹೋದ ವರ್ಷ ಅಪ್ಪ ತಿರುಗಿ ನೋಡದೆ ನನ್ನ ಮುಂದೆ ನಡೆದು ಹೋದದ್ದು ನೆನಪಾಯಿತು.

"ಸಾವಿರದೈನೂರು," ಎಂದೆ. "ಹಿಂದಿನ್ ದಿನ ಎರಡು ಸಾವಿರ."

ಅವನು ನಂಬಿ ತಲೆಯಾಡಿಸಿದ. ಬರುವ ವರ್ಷಕ್ಕೆ ಎರಡೂವರೆ ಸಾವಿರ ಹೊಡೆಯುತ್ತಾನೆ.