ಒಟಿಪಿಯೂ ಅತ್ತೆಯ ಪತ್ರೊಡೆಯೂ

"ಅಪ್‌ಡೇಟ್ ಮಾಡಲೇ?" ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ "ಆಮೇಲೆ" ಎನ್ನುವ ಜಾತಿ ನನ್ನದು. ಸರಿಯಾಗಿ ನಡೆಯುತ್ತಿರುವುದನ್ನು ಯಾರಾದರೂ ರಿಪೇರಿ ಮಾಡುತ್ತಾರೆಯೇ? ಆದರೆ ಮೆಲ್ಕಾರಿನ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಮೊನ್ನೆ ಇಮೇಲ್ ತಂತ್ರಾಂಶ ನನ್ನನ್ನು ಕೇಳದೆಯೇ ಹೊಸದಾಗಿ ಕೂತಿತ್ತು. ಕೂತದ್ದೇ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಮತ್ತೆ ಕೇಳಿತು. ಮತ್ತೆ ಕೊಟ್ಟೆ. ಮರೆವಿನ ಅಜ್ಜನ ಹಾಗೆ ಪುನಃ ಅದನ್ನೇ ಕೇಳಿತು.

ಎದುರಿನ ಬೆಂಚಿನಲ್ಲಿ ಕನ್ಯಾನದ ಶೀನಣ್ಣ. ಅವರ ಮಗಳ ಮದುವೆ ಕಾಗದವನ್ನು ತಿದ್ದಿ ನನಗೆ ಇಮೇಲ್ ಮಾಡಿದ ಮಗ, ಮಸ್ಕತ್‌ನಿಂದ ಊರಿಗೆ ಬರಲು ವಿಮಾನ ಹತ್ತಿಯಾಗಿತ್ತು, ಫೋನ್ ಬಂದ್. ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಕೊಡದಿದ್ದರೆ ಮರುದಿನ ದೇವರ ಮುಂದೆ ಇಡಲು ಕಾಗದವೇ ಇಲ್ಲ.

"ಎಂಥ ಅಕ್ಕ, ಆಗ್ತದಾ ಇಲ್ವಾ?"

"ಈಗ ಆಗ್ತದೆ ಶೀನಣ್ಣ" ಎಂದೆ. ದೇವರಾಣೆ, ನನಗೇನೂ ಗೊತ್ತಿರಲಿಲ್ಲ.

ಆಫ್ ಮಾಡಿ ಆನ್ ಮಾಡಿದೆ. ಕ್ಯಾಪ್ಸ್ ಲಾಕಿಗೆ ಬೈದೆ. ಕೊನೆಗೆ ಸೆಟ್ಟಿಂಗ್ಸ್ ಹೊಕ್ಕು ಒಂದೊಂದೇ ಸಾಲು ಓದಿದರೆ, ಲಾಗಿನ್ ವಿಧಾನ ಇನ್ನೂ ಹಳೆಯ 'ಸಾಮಾನ್ಯ ಪಾಸ್‌ವರ್ಡ್' ಎಂದೇ ಇದೆ. ಇಮೇಲ್ ಕಂಪನಿಯವರು ಆ ಪದ್ಧತಿಯನ್ನೇ ನಿಲ್ಲಿಸಿದ್ದಾರೆ! ಹೊಸ ವಿಧಾನ ಆರಿಸಿದ್ದೇ ತಡ, ಬೇರೊಂದು ಪುಟ ತೆರೆದು ಅದೇ ಪಾಸ್‌ವರ್ಡನ್ನು ಮರ್ಯಾದೆಯಿಂದ ಒಪ್ಪಿಕೊಂಡಿತು. ಗೆದ್ದೆ ಎನ್ನುವಷ್ಟರಲ್ಲಿ ಇನ್ನೊಂದು ಬೇಡಿಕೆ: ಮೊಬೈಲಿಗೆ ಬಂದ ಒಟಿಪಿ ಹಾಕು.

ಹಿಂದೆ ರಾಜಮುದ್ರೆಯ ಉಂಗುರ ತೋರಿಸಿದರೆ ಕೋಟೆಯ ಬಾಗಿಲು ತೆರೆಯುತ್ತಿತ್ತಂತೆ. ಉಂಗುರ ಕದ್ದವನಿಗೂ ತೆರೆದಿರಬೇಕು. ಅದಕ್ಕೇ ಈಗಿನವರು ಎರಡೆರಡು ಸಲ ವಿಚಾರಿಸುತ್ತಾರೆ, ತಪ್ಪೇನಿಲ್ಲ. ಕಷ್ಟವೇನೆಂದರೆ, ಆ ಮೊಬೈಲ್ ಶಿರ್ತಾಡಿಯಲ್ಲಿರುವ ನನ್ನ ಅತ್ತೆಯದು. ಮನೆಯಲ್ಲಿ ಎಂದೂ ನಂಬರ್ ಬದಲಿಸದವರು ಅವರೊಬ್ಬರೇ ಎಂದು ಖಾತೆ ತೆರೆಯುವಾಗ ಅದನ್ನೇ ಕೊಟ್ಟಿದ್ದೆ. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಶೀನಣ್ಣನ ಫೋನಿನಿಂದಲೇ ಕರೆ ಮಾಡಿದೆ.

"ಒಟಿಪಿ ಹೇಳುವುದಿಲ್ಲ" ಎಂದರು ಅತ್ತೆ. "ತನ್ನ ಸ್ವರದಲ್ಲೇ ಯಾರಾದ್ರೂ ಕೇಳಿದ್ರೂ ಹೇಳ್ಬಾರ್ದು ಅಂತ ನನ್ನ ಸೊಸೆ ಹೇಳಿದ್ದಾಳೆ."

"ಆ ಸೊಸೆಯೇ ನಾನು ಅತ್ತೆ!"

"ಕಳ್ಳರೂ ಹಾಗೇ ಹೇಳ್ತಾರಂತೆ. ಸೊಸೆಯಾದ್ರೆ ಹೇಳು, ನಾನು ಮಾಡುವ ಪತ್ರೊಡೆ ಹೇಗುಂಟು?"

ಮದುವೆಯಾದಂದಿನಿಂದ "ಲಾಯ್ಕ್ ಉಂಟು" ಎಂದು ಹೊಗಳುತ್ತಲೇ ಬಂದವಳು ನಾನು. ಶೀನಣ್ಣ ಬೇರೆ ಗಡಿಯಾರ ನೋಡುತ್ತಿದ್ದರು. ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ: "ನಾಲಿಗೆ ತುರಿಸ್ತದೆ ಅತ್ತೆ. ಕೆಸುವಿನೆಲೆಗೆ ಹುಳಿ ಸಾಲುವುದಿಲ್ಲ."

ಅತ್ತ ಕಡೆಯಿಂದ ಗೊಳ್ಳೆಂದು ನಗು. "ನೀನೇ ಮಾರಾಯ್ತಿ! ಕಳ್ಳನಾದ್ರೆ ಲಾಯ್ಕ್ ಉಂಟು ಅಂತಿದ್ದ. ನೀನು ತಟ್ಟೆಯ ಬದಿಗೆ ತಳ್ಳುವುದು ನನಗೆ ಕಾಣುವುದಿಲ್ಲ ಅಂತ ಗ್ರಹಿಸಿದ್ಯಾ? ಬರ್ಕೊ."

ಇಮೇಲ್‌ಗಳು ದಬದಬನೆ ಇಳಿದವು. "ಬಂತು, ಬಂತು!" ಎಂದು ಶೀನಣ್ಣ ಎದ್ದೇ ನಿಂತರು. ಮದುವೆ ಕಾಗದ ಹೊತ್ತಿಗೆ ಸರಿಯಾಗಿ ಪ್ರೆಸ್ಸಿಗೆ ಹೋಯಿತು. ಆ ದಿನವಿಡೀ ನಾನು ಪಟ್ಟಕ್ಕೇರಿದವಳ ಗತ್ತಿನಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಭಾನುವಾರ ಶಿರ್ತಾಡಿಗೆ ಹೋದರೆ ಪತ್ರೊಡೆಯೇ ಕಾದಿತ್ತು. ಹುಳಿ ಧಾರಾಳವಾಗಿ ಬಿದ್ದಿತ್ತು. "ಹೇಗುಂಟು?" ಎಂದರು ಅತ್ತೆ.

"ಲಾಯ್ಕ್ ಉಂಟು" ಎಂದೆ.

ಅವರು ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದರು. ಖಾಲಿಯಾಗಿತ್ತು. ಇನ್ನೊಂದು ಬಡಿಸಿದರು.