ಏಳನೆಯ ಅಳತೆ

ತೃಪ್ತಿ ಒಂಬತ್ತು ವರ್ಷ ಟವರ್ ಕೆಲಸ ಮಾಡಿದಳು, ಆದರೆ ಒಮ್ಮೆಯೂ ಟವರ್ ಹತ್ತಲಿಲ್ಲ. ಅವಳ ಕೆಲಸವೆಲ್ಲ ನೆಲದ ಮೇಲೆ, ಟವರಿನ ಬುಡದ ಕೊಠಡಿಯೊಳಗೆ. ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಶಿಕಾರಿಪುರಕ್ಕೆ ಮರಳಿದ ವರ್ಷವೇ ತೋಟಪ್ಪ ಎಂಬ ಗುತ್ತಿಗೆದಾರ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಟವರುಗಳ ಮೈಕ್ರೋವೇವ್ ಲಿಂಕ್ ನೋಡಿಕೊಳ್ಳುವ ಉಪಗುತ್ತಿಗೆ ಅವನದು. ತೃಪ್ತಿಯ ತಾಯಿ ರಾಜೇಶ್ವರಮ್ಮ, ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ಒಬ್ಬಳೇ ನಡೆಸಿ ಮಗಳನ್ನು ಓದಿಸಿದವಳು. ಹೆಣ್ಣುಮಗಳು ಗುಡ್ಡ ಬೆಟ್ಟ ಸುತ್ತುವುದು ಅವಳಿಗೆ ಮೊದಮೊದಲು ಹಿಡಿಸಲಿಲ್ಲ. ಆಮೇಲೆ ಗಿರಣಿಗೆ ಬಂದವರ ಮುಂದೆ, “ನೆಟ್‌ವರ್ಕ್ ಹೋದ್ರೆ ನನ್ ಮಗಳೇ ಹೋಗ್ಬೇಕು” ಎಂದು ಹೇಳಿಕೊಳ್ಳತೊಡಗಿದಳು.

ಒಂದು ಊರಿನ ಟವರಿನಿಂದ ಇನ್ನೊಂದು ಊರಿನ ಟವರಿಗೆ ಫೋನಿನ ಮಾತನ್ನೆಲ್ಲ ಗಾಳಿಯಲ್ಲೇ ದಾಟಿಸುವ ದುಂಡನೆಯ ಡಿಶ್‌ಗಳಿರುತ್ತವೆ. ಎರಡೂ ಒಂದನ್ನೊಂದು ನೇರವಾಗಿ ನೋಡುತ್ತಿರಬೇಕು. ಬೆರಳಗಲ ಹೊರಳಿದರೂ ಇಪ್ಪತ್ತು ಮೂವತ್ತು ಕಿಲೋಮೀಟರು ಆಚೆಯ ಟವರು ತಪ್ಪಿಹೋಗುತ್ತದೆ. ಯಾವ ಅಲೆ ಎಲ್ಲಿಂದ ಎಷ್ಟು ಬಲವಾಗಿ ಬರುತ್ತಿದೆ, ನಡುವೆ ಬೇರೆಯವರ ಅಲೆ ನುಗ್ಗಿದೆಯೇ ಎಂದು ನೋಡುವುದಕ್ಕೆ ತೃಪ್ತಿಯ ಕೈಯಲ್ಲಿ ಒಂದು ಸ್ಪೆಕ್ಟ್ರಮ್ ಅನಲೈಸರ್ ಇರುತ್ತಿತ್ತು. ದಪ್ಪ ಪುಸ್ತಕದಷ್ಟು ದೊಡ್ಡದು, ಎರಡು ಕೈಯಲ್ಲಿ ಹಿಡಿದುಕೊಳ್ಳುವಂಥದ್ದು. ಪರದೆಯ ಮೇಲೆ ಹುಲ್ಲಿನಂತೆ ಅಲುಗುವ ಗೆರೆ, ನಡುವೆ ಅಲೆ ಬಂದ ಕಡೆ ಎದ್ದು ನಿಲ್ಲುವ ದಿಬ್ಬ. ಆ ದಿಬ್ಬದ ಆಕಾರ ನೋಡಿಯೇ ಕಾಯಿಲೆ ಹೇಳುತ್ತಾಳೆಂದು ತಾಲ್ಲೂಕಿನ ಟವರಿನವರೆಲ್ಲ ಅವಳನ್ನು ನಂಬುತ್ತಿದ್ದರು. ಆ ನಂಬಿಕೆ ಅವಳಿಗೆ ಹೆಮ್ಮೆಯ ವಿಷಯವಾಗಿತ್ತು. ಬೇರೆಯವರು ಇಷ್ಟು ಸಾಕು ಎಂದು ಬಿಡುವ ಕಡೆ ಅವಳು ಇನ್ನೂ ಒಂದಿಷ್ಟು ತಿದ್ದುತ್ತಿದ್ದಳು.

ಮೇಲೆ ಹತ್ತುತ್ತಿದ್ದವನು ಯಲ್ಲಪ್ಪ. ಆನವಟ್ಟಿಯ ಹತ್ತಿರದ ಹಳ್ಳಿಯವನು, ನಲವತ್ತಾರು ವರ್ಷ. ಮಾತು ಕಡಿಮೆ. ಹತ್ತುವ ಮೊದಲು ಚಪ್ಪಲಿ ಬಿಟ್ಟು ಕಬ್ಬಿಣಕ್ಕೆ ಕೈಮುಗಿದು, ಆಮೇಲೆ ಬೂಟು ಹಾಕಿಕೊಳ್ಳುತ್ತಿದ್ದ. ಏಳು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದರು. ಅವಳಿಗಿಂತ ಹದಿನಾರು ವರ್ಷ ದೊಡ್ಡವನಾದರೂ ಅವಳನ್ನು “ಮೇಡಮ್ನೋರೆ” ಎಂದೇ ಕರೆಯುತ್ತಿದ್ದ. ಅವಳಿಗೆ ಅವನು ಯಲ್ಲಪ್ಪಣ್ಣ.

ಆ ಮೇ ತಿಂಗಳಲ್ಲಿ ಚಂದ್ರಗುತ್ತಿಯಿಂದ ಆಚೆ ಒಂದು ಬೋಳುಗುಡ್ಡದ ಮೇಲಿನ ಟವರಿನ ಲಿಂಕ್ ದಿನಾ ಮಧ್ಯಾಹ್ನ ಬೀಳತೊಡಗಿತು. ಆನವಟ್ಟಿಯಿಂದ ಅಲ್ಲಿಗೆ ಬರುವ ಲಿಂಕ್ ಅದು. ತೃಪ್ತಿ ಹೋಗಿ, ಡಿಶ್‌ನಿಂದ ಕೊಠಡಿಯೊಳಕ್ಕೆ ಇಳಿದು ಬರುವ ಲೋಹದ ಕೊಳವೆಗೆ ಅನಲೈಸರ್ ಜೋಡಿಸಿ ನೋಡಿದಳು. ಆನವಟ್ಟಿಯ ದಿಬ್ಬ ಕುಸಿದು ಮಲಗಿತ್ತು. ಅದರ ಪಕ್ಕ, ಒಂದು ಭಾಗ ಅದರ ಮೇಲೇ ಏರಿದಂತೆ, ಬೇರೆ ಯಾವುದೋ ಟವರಿನ ಇನ್ನೊಂದು ದಿಬ್ಬ. ಹಿಂದಿನ ತಿಂಗಳ ಬಿರುಗಾಳಿಗೆ ಡಿಶ್ ಹೊರಳಿದೆ, ಅದಕ್ಕೇ ಪಕ್ಕದ ಅಲೆ ಒಳಗೆ ಬರುತ್ತಿದೆ ಎಂದು ಅವಳಿಗೆ ಐದು ನಿಮಿಷದಲ್ಲಿ ತಿಳಿಯಿತು. ಡಿಶ್ ಮತ್ತೆ ಆನವಟ್ಟಿಯ ಕಡೆ ತಿರುಗಿದರೆ ಸಾಕು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಯಲ್ಲಪ್ಪನೂ ಅವಳೂ ಗುಡ್ಡ ಸೇರಿದರು. ಮೂರನೆಯವನೊಬ್ಬ ಬರಬೇಕಿತ್ತು, ಬರಲಿಲ್ಲ. ಗಾಳಿ ಆಗಲೇ ಎದ್ದಿತ್ತು. ಯಲ್ಲಪ್ಪ ಸೊಂಟದ ಪಟ್ಟಿ ತೆಗೆದು ತೋರಿಸಿದ. ಪಟ್ಟಿಗೆ ಎರಡು ಕೊಕ್ಕೆ. ಒಂದನ್ನು ಬಿಚ್ಚಿ ಮುಂದೆ ಹಾಕುವಾಗ ಇನ್ನೊಂದು ಹಿಡಿದಿರಬೇಕು. ಒಂದರ ನಾಲಿಗೆ ಮುರಿದಿತ್ತು.

“ಎರಡು ತಿಂಗಳಾತು ಹೇಳಾಕ್ಹತ್ತಿ. ತರಿಸ್ತೀನಿ ಅಂತಾರೆ, ತರ್ಸಲ್ಲ.”

ಇಬ್ಬರ ಫೋನಿನಲ್ಲೂ ಬೇರೆ ಕಂಪನಿಯ ಸಿಮ್ ಒಂದಿತ್ತು; ತೃಪ್ತಿ ಅದರಿಂದ ತೋಟಪ್ಪನಿಗೆ ಫೋನ್ ಮಾಡಿದಳು. “ಸರ್, ಗಾಳಿ ಜಾಸ್ತಿ ಐತೆ. ಪಟ್ಟಿ ಬೇರೆ ಸರಿ ಇಲ್ಲ. ಹತ್ತೋಕೆ ಪರ್ಮಿಟ್ ಹಾಕಿದ್ರೆ ಹೆಡ್ ಆಫೀಸಿನವ್ರೇ ಬೇಡ ಅಂತಾರೆ.”

“ಅದಕ್ಕೇ ಪರ್ಮಿಟ್ ಹಾಕ್ಬೇಡ ಈಗ. ಆಮೇಲೆ ನೋಡ್ಕೊಳ್ಳೋಣ,” ಎಂದ ತೋಟಪ್ಪ. “ಇಡೀ ಹೋಬಳಿ ನಮ್ ನೆಟ್‌ವರ್ಕ್ ಇಲ್ದೆ ಕುಂತೈತಮ್ಮ. ರೇಷನ್ ಮಷಿನ್ ನಡೀತಿಲ್ಲ, ಬ್ಯಾಂಕ್ ನಡೀತಿಲ್ಲ. ನನ್ ಗುತ್ತಿಗೆ ಹೋಗ್ತದೆ. ಅರ್ಧ ಗಂಟೆ ಕೆಲಸ. ಯಲ್ಲಪ್ಪನಿಗೆ ಕೊಡು.”

ಯಲ್ಲಪ್ಪ ಫೋನ್ ಕಿವಿಗಿಟ್ಟುಕೊಂಡು, “ಹ್ಞೂಂ ರೀ... ಆತು ರೀ” ಎಂದಷ್ಟೇ ಹೇಳಿ ವಾಪಸು ಕೊಟ್ಟ. ಬೂಟು ಹಾಕಿಕೊಂಡ. ನಾನು ಬೇಡ ಅನ್ನಬಹುದಿತ್ತು ಎಂದು ತೃಪ್ತಿ ಆಮೇಲೆ ಸಾವಿರ ಸಲ ಅಂದುಕೊಂಡಿದ್ದಾಳೆ. ಆಗ ಅನ್ನಲಿಲ್ಲ.

ಅವನು ಮೇಲೆ, ಅವಳು ಕೊಠಡಿಯೊಳಗೆ, ನಡುವೆ ಕಿವಿಯ ಫೋನು. ಮೊದಲ ಅಳತೆ ಮೈನಸ್ ಐವತ್ತೆಂಟು. ಸೊನ್ನೆಯ ಕಡೆಗೆ ಬಂದಷ್ಟೂ ಒಳ್ಳೆಯದು. ಮೈನಸ್ ನಲವತ್ತೆರಡು ಬಂದರೆ ಕೆಲಸ ಮುಗಿದಂತೆ ಎಂಬುದು ಕಂಪನಿಯ ಲೆಕ್ಕ. ಅವಳು “ಎಡಕ್ಕೆ ಸ್ವಲ್ಪ” ಎನ್ನುವಳು, ಅವನು ಬೋಲ್ಟ್ ಸಡಿಲಿಸಿ ತಿರುಗಿಸಿ “ಈಗ?” ಎನ್ನುವನು. ಪ್ರತಿ ಸಲವೂ ಅವಳು ಪರದೆಯ ಚಿತ್ರ ಉಳಿಸಿಕೊಳ್ಳುತ್ತಿದ್ದಳು, ಅದು ಅವಳ ಅಭ್ಯಾಸ. ಹನ್ನೆರಡು ಏಳಕ್ಕೆ ಒಂದು, ಹನ್ನೆರಡು ಹನ್ನೊಂದಕ್ಕೆ ಒಂದು. ಪಕ್ಕದ ದಿಬ್ಬ ತಗ್ಗುತ್ತ ಹೋಯಿತು, ಆನವಟ್ಟಿಯ ದಿಬ್ಬ ಏರುತ್ತ ಬಂತು. ಆರನೆಯ ಅಳತೆ ನಲವತ್ತೆರಡು.

“ಆತಾ ಮೇಡಮ್ನೋರೆ? ಗಾಳಿ ಭಾಳ ಐತೆ.”

“ಆತು ಯಲ್ಲಪ್ಪಣ್ಣ. ಒಂದೇ ಒಂದು ಸಲ, ಕೂದಲೆಳೆಯಷ್ಟು ಮೇಲಕ್ಕೆ. ಇನ್ನೂ ಬರ್ತದೆ ಅದು.”

ದಿಬ್ಬ ಇನ್ನೂ ಒಂದಿಷ್ಟು ಏರಿತು. ನಲವತ್ತೂವರೆ. ಅವಳು ಚಿತ್ರ ಉಳಿಸಿದಳು. “ಸಾಕು, ಇಳೀರಿ,” ಎಂದಳು. ಉತ್ತರ ಬರಲಿಲ್ಲ. ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಹೊರಗೆ, ಕೊಠಡಿಯ ಹಿಂದೆ, ಮೂಟೆ ಬಿದ್ದಂಥ ಶಬ್ದ. ಅವನು ಬಿದ್ದದ್ದನ್ನು ಅವಳು ನೋಡಲಿಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು.

ಗುಡ್ಡದ ಕೆಳಗಿನ ಊರಿನವರು ಒಂದು ಗೂಡ್ಸ್ ಗಾಡಿ ತಂದರು. ಸೊರಬ ಇನ್ನೂ ದೂರವಿರುವಾಗಲೇ ಯಲ್ಲಪ್ಪನ ಉಸಿರು ನಿಂತಿತು. ತಲೆ ಅವಳ ತೊಡೆಯ ಮೇಲಿತ್ತು.

ಅಂದು ಸಂಜೆ ತೋಟಪ್ಪ ಆಸ್ಪತ್ರೆಯ ಹೊರಗೆ ಅವಳನ್ನು ಪಕ್ಕಕ್ಕೆ ಕರೆದ. ಮೊದಲು ಅತ್ತ. ಅದು ಸುಳ್ಳು ಅಳುವಲ್ಲ ಎಂದು ಅವಳು ಇಂದಿಗೂ ಹೇಳುತ್ತಾಳೆ. ಆಮೇಲೆ ಕಣ್ಣೊರೆಸಿಕೊಂಡು, “ಪರ್ಮಿಟ್ ಇಲ್ಲ. ಅಂದ್ರೆ ಕೆಲಸ ಇರಲಿಲ್ಲ. ಅವನೇ ಹತ್ತಿದಾನೆ, ಯಾಕಂತ ನಮಗೆ ಗೊತ್ತಿಲ್ಲ. ನೀನು ಒಳಗಿದ್ದೆ, ನೋಡಲಿಲ್ಲ. ಅಷ್ಟು ಸತ್ಯ ತಾನೆ?” ಎಂದ. “ಇಲ್ಲಾಂದ್ರೆ ಮೊದಲು ಸಿಕ್ಕಿಬೀಳೋಳು ನೀನೇ. ಅವನಿಗೆ ತಿರುಗ್ಸು ಅಂತ ಹೇಳ್ದೋರು ಯಾರು?” ಅನಲೈಸರ್ ಬಾಡಿಗೆಯದು, ವಾಪಸು ಕಳಿಸಬೇಕು ಎಂದು ಇಸಿದುಕೊಂಡು ಹೋದ.

ಪೊಲೀಸರು ಬಂದು ಮಹಜರು ಬರೆದರು. ತೃಪ್ತಿ, “ನಾನು ಒಳಗಿದ್ದೆ, ಬಿದ್ದದ್ದು ನೋಡಲಿಲ್ಲ,” ಎಂದಳು. ಅವರು ಅಷ್ಟನ್ನೇ ಬರೆದುಕೊಂಡರು. ಅವಳು ಹೆಚ್ಚು ಹೇಳಲಿಲ್ಲ.

ಹನ್ನೊಂದು ದಿನ ಹಾಗೇ ಇದ್ದಳು. ಹನ್ನೊಂದನೆಯ ದಿನ ಗಿರಣಿಗೆ ರಾಗಿ ತಂದಿದ್ದ ಒಬ್ಬ, ಟವರಿನಿಂದ ಬಿದ್ದವನು ಕುಡಿದಿದ್ದನಂತೆ, ತಾಮ್ರದ ವೈರು ಕದಿಯಲು ಹತ್ತಿದ್ದನಂತೆ ಎಂದು ಹೇಳಿದ. ರಾಜೇಶ್ವರಮ್ಮ ಮಗಳ ಮುಖ ನೋಡಿದಳು. ಮಗಳು ಎದ್ದು ಒಳಗೆ ಹೋದಳು. ಗಿರಣಿ ನಿಲ್ಲಿಸಿ ತಾಯಿ ಹಿಂದೆಯೇ ಬಂದಳು.

“ಅವನು ಕುಡೀತಿದ್ನಾ?”

“ಎಲೆ ಅಡಿಕೆ ಸಹ ಹಾಕ್ತಿರಲಿಲ್ಲಮ್ಮ.”

“ಮತ್ತೆ ನೀನು ಯಾಕೆ ಸುಮ್ಮನಿದೀಯ?”

ತೃಪ್ತಿ ಲ್ಯಾಪ್‌ಟಾಪ್ ತೆಗೆದು ತಾಯಿಗೆ ಏಳು ಚಿತ್ರಗಳನ್ನು ತೋರಿಸಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ಏನು ಮಾಡುತ್ತಿದ್ದೇನೆಂದೂ ತಿಳಿಯದೆ, ದಿನವೂ ಮಾಡುವಂತೆ ಅನಲೈಸರಿನಿಂದ ಇಳಿಸಿಕೊಂಡಿದ್ದಳು. ತಾಯಿಗೆ ಗೆರೆ ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಗಂಟೆ ನಿಮಿಷ ಅರ್ಥವಾಯಿತು. “ಇದು ಆರನೇದು. ಇಲ್ಲಿಗೇ ಮುಗಿದಿತ್ತು,” ಎಂದಳು ತೃಪ್ತಿ. “ಇದು ಏಳನೇದು. ಇದು ನನಗೋಸ್ಕರ.” ಏಳನೆಯದನ್ನು ಅಳಿಸಿ ಆರನ್ನೇ ಕೊಟ್ಟರೂ ಯಲ್ಲಪ್ಪ ಕೆಲಸದಲ್ಲಿದ್ದ ಎಂಬುದು ಸಾಬೀತಾಗುತ್ತಿತ್ತು. ಅದು ಇಬ್ಬರಿಗೂ ಹೊಳೆಯಿತು. ರಾಜೇಶ್ವರಮ್ಮ, “ನಾನು ಏನೂ ಹೇಳಲ್ಲ ಮಗಳೇ. ನನಗೆ ಹೇಳೋಕೆ ಧೈರ್ಯ ಇಲ್ಲ,” ಎಂದು ಗಿರಣಿಗೆ ಹೋದಳು.

ಮಾರನೆಯ ದಿನ ತೃಪ್ತಿ ಆನವಟ್ಟಿಯ ಬಸ್ಸು ಹತ್ತಿದಳು. ಯಲ್ಲಪ್ಪನ ಹೆಂಡತಿ ಹುಲಿಯಮ್ಮ ಅಂಗಳದಲ್ಲಿ ಕೂತಿದ್ದಳು. ಎರಡು ಎಕರೆ ಮೆಕ್ಕೆಜೋಳದ ಹೊಲ, ಓದುವ ಇಬ್ಬರು ಹೆಣ್ಣುಮಕ್ಕಳು. ಒಳಗೆ ಕರೆಯಲಿಲ್ಲ. ತೃಪ್ತಿ ಅಂಗಳದಲ್ಲೇ ಅವಳೆದುರು ಕುಕ್ಕರುಗಾಲಲ್ಲಿ ಕೂತು ಕೊಕ್ಕೆ ಮುರಿದಿದ್ದದ್ದು, ತೋಟಪ್ಪನಿಗೆ ಫೋನ್ ಮಾಡಿದ್ದು, ಅವನು ಪರ್ಮಿಟ್ ಬೇಡವೆಂದದ್ದು ಎಲ್ಲ ಹೇಳಿದಳು. ಆಮೇಲೆ ಆರನೆಯದು, ಏಳನೆಯದು.

ಹುಲಿಯಮ್ಮ ಕೇಳಿಸಿಕೊಂಡಳು. “ನೀವು ಆರಕ್ಕೇ ಸಾಕು ಅಂದಿದ್ರೆ ಅವರು ಇಳೀತಿದ್ರಾ?”

“ಇಳೀತಿದ್ರು.”

“ಮತ್ತೆ ಯಾಕ್ರೀ ಅನ್ಲಿಲ್ಲ?”

“ಇನ್ನೂ ಚಲೋ ಮಾಡ್ಬೇಕು ಅಂತ ಇತ್ತು.”

“ಚಲೋ,” ಎಂದಳು ಹುಲಿಯಮ್ಮ. ಆ ಮಾತನ್ನು ಬಾಯಲ್ಲಿ ಇಟ್ಟುಕೊಳ್ಳಲಾಗದವಳಂತೆ ಪಕ್ಕಕ್ಕೆ ತಿರುಗಿದಳು. ಆಮೇಲೆ ಕೇಳಿದಳು: “ಇದನ್ನ ಕೋರ್ಟಿನಾಗೂ ಹೇಳ್ತೀರಾ? ಎಲ್ಲಾನೂ?”

“ಎಲ್ಲಾನೂ ಹೇಳ್ತೀನಿ.”

“ಹಂಗಾದ್ರೆ ಕೋರ್ಟಿಗೆ ಬನ್ನಿ. ಈ ಅಂಗಳಕ್ಕೆ ಮಾತ್ರ ಬರಬೇಡಿ.”

ತೃಪ್ತಿ ಪೊಲೀಸರಿಗೆ ಎರಡನೆಯ ಹೇಳಿಕೆ ಕೊಟ್ಟಳು. ಹುಲಿಯಮ್ಮ ಹಾಕಿದ ಪರಿಹಾರದ ಅರ್ಜಿ ಸೊರಬದ ಕೋರ್ಟಿನಲ್ಲಿ ನಡೆಯಿತು. ತೋಟಪ್ಪನ ವಕೀಲರು ಒಳ್ಳೆಯ ವಕೀಲರು. ಡಿಶ್ ಗಾಳಿಗೆ ತಿರುಗಿರಬಹುದಲ್ಲವೇ, ಆ ಗೆರೆಗಳಿಂದ ಮನುಷ್ಯ ಮೇಲಿದ್ದನೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದರು.

“ಗಾಳಿಗೆ ಅಲುಗಿದ್ರೆ ಹೋಗಿ ಬರ್ತದೆ ಸರ್, ಒಂದು ಕಡೆ ನಿಲ್ಲಲ್ಲ,” ಎಂದಳು ತೃಪ್ತಿ. “ಇದು ಒಂದು ಹೆಜ್ಜೆ ಏರುತ್ತೆ, ನಿಲ್ಲುತ್ತೆ. ಮೂರು ನಾಲ್ಕು ನಿಮಿಷಕ್ಕೆ ಇನ್ನೊಂದು ಹೆಜ್ಜೆ. ಬೋಲ್ಟ್ ಸಡಿಲಿಸಿ ಬಿಗಿ ಮಾಡೋಕೆ ಅಷ್ಟು ಹೊತ್ತು ಬೇಕು. ಅದು ಗಾಳಿಯಲ್ಲ, ಕೈ.” ಆನವಟ್ಟಿ ತುದಿಯ ಯಂತ್ರ ಆ ಹೊತ್ತಿನಲ್ಲಿ ಬರೆದಿಟ್ಟ ವಿವರವೂ ಹೊಂದಿತು.

ಆಗ ವಕೀಲರು ಏಳನೆಯ ಚಿತ್ರ ಎತ್ತಿ ಹಿಡಿದರು. ಕಂಪನಿ ಕೇಳಿದ್ದು ನಲವತ್ತೆರಡು. ಅದು ಬಂದಾಗಿತ್ತು. ಅದಾದ ಮೇಲೂ ಅವನನ್ನು ಆ ಗಾಳಿಯಲ್ಲಿ ಮೇಲೆ ನಿಲ್ಲಿಸಿದ್ದು ಯಾರು? ಮೊದಲ ಹೇಳಿಕೆಯಲ್ಲಿ ಇದನ್ನು ಮುಚ್ಚಿಟ್ಟದ್ದು ಯಾರು? “ನಾನೇ,” ಎಂದಳು ಎರಡಕ್ಕೂ. ಹಿಂದಿನ ಸಾಲಿನಲ್ಲಿ ಹುಲಿಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು.

ಯಲ್ಲಪ್ಪ ಕೆಲಸದಲ್ಲಿದ್ದಾಗಲೇ ಸತ್ತನೆಂದು ತೀರ್ಪಾಯಿತು. ತೋಟಪ್ಪನ ಕಡೆಯವರು ಬರೆಸಿದ್ದ ಕಳ್ಳ, ಕುಡುಕ ಎಂಬ ಮಾತು ಕಾಗದದಿಂದ ಹೋಯಿತು. ಪರಿಹಾರವೂ ಬಂತು. ತೋಟಪ್ಪ ತನ್ನ ಹೆಸರಿನ ಸಂಸ್ಥೆ ಮುಚ್ಚಿ ಭಾವಮೈದುನನ ಹೆಸರಿನಲ್ಲಿ ಇನ್ನೊಂದು ತೆರೆದ. ಅಜಾಗರೂಕತೆಯ ಕ್ರಿಮಿನಲ್ ಕೇಸು ಬೇರೆಯಾಗಿ ನಡೆಯುತ್ತಿದೆ. ಅದರಲ್ಲಿ ತೋಟಪ್ಪ ಒಂದನೆಯ ಆರೋಪಿ, ತೃಪ್ತಿ ಎರಡನೆಯವಳು. ಅವಳಿಗೆ ಟವರಿನ ಕೆಲಸ ಮತ್ತೆ ಯಾರೂ ಕೊಡಲಿಲ್ಲ. ದಾವಣಗೆರೆಯಲ್ಲಿ ಒಂದು ಕಡೆ ಸಂದರ್ಶನಕ್ಕೆ ಕರೆದರು, ಹೆಸರು ಕೇಳಿದ ಮೇಲೆ ಚಹಾ ಕೊಟ್ಟು ಕಳಿಸಿದರು. ನಿಶ್ಚಯವಾಗುವುದರಲ್ಲಿದ್ದ ಮದುವೆ ಮಾತು ಸದ್ದಿಲ್ಲದೆ ನಿಂತಿತು. ಈಗ ಗಿರಣಿಯಲ್ಲಿ ತಾಯಿಯ ಜೊತೆ ನಿಲ್ಲುತ್ತಾಳೆ. ಚಂದ್ರಗುತ್ತಿ ಕಡೆಯ ಆ ಲಿಂಕ್ ಅಂದಿನಿಂದ ಒಮ್ಮೆಯೂ ಬಿದ್ದಿಲ್ಲವೆಂದು ಹಳೆಯ ಸಹೋದ್ಯೋಗಿಯೊಬ್ಬ ಹೇಳಿದ. ಇನ್ನು ಫೋನ್ ಮಾಡಬೇಡ ಎಂದು ಅವಳು ಅವನಿಗೆ ಹೇಳಿದಳು.

ಎರಡು ತಿಂಗಳಿಗೊಮ್ಮೆ ಸೊರಬದಲ್ಲಿ ಆ ಕ್ರಿಮಿನಲ್ ಕೇಸಿನ ವಾಯಿದೆ ಇರುತ್ತದೆ. ಹುಲಿಯಮ್ಮನೂ ಬರುತ್ತಾಳೆ. ಕೋರ್ಟಿನ ಜಗುಲಿಯಲ್ಲಿ ಅವಳು ಒಂದು ಬೆಂಚಿನಲ್ಲಿ, ತೃಪ್ತಿ ಇನ್ನೊಂದರಲ್ಲಿ. ಹೋದ ಸಲ ಮುಂದಿನ ವಾಯಿದೆಯ ಚೀಟಿ ಹಿಡಿದು ಹುಲಿಯಮ್ಮ ಓದಿ ಹೇಳುವವರಿಗಾಗಿ ಸುತ್ತ ನೋಡಿದಳು. ವಕೀಲರು ಹೋಗಿಬಿಟ್ಟಿದ್ದರು, ಮಕ್ಕಳು ಜೊತೆಗಿರಲಿಲ್ಲ. ಎದ್ದು ಬಂದು ಚೀಟಿಯನ್ನು ತೃಪ್ತಿಯ ಮುಂದೆ ಚಾಚಿದಳು.

“ಯಾವತ್ತು ಅಂತ ಬರ್ದಾರೆ?”

“ಹದಿನೆಂಟನೇ ತಾರೀಖು. ಗುರುವಾರ.”

“ಹದಿನೆಂಟು,” ಎಂದು ಹುಲಿಯಮ್ಮ ಮತ್ತೊಮ್ಮೆ ಹೇಳಿಕೊಂಡು, ಚೀಟಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಆನವಟ್ಟಿಯ ಬಸ್ಸಿಗೆ ನಡೆದಳು.